ಲಾರಿ ಹೊರಡುವ ಮುಂಚೆ: ಪರದೇಶಕ್ಕೆ ನೆರವು ಕಳಿಸುವ ಸಣ್ಣ ಚಾರಿಟಿ ನಡೆಯುವುದು ಹೇಗೆ?

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ದಾಳಿ ಶುರು ಮಾಡಿತು. ಸ್ವಲ್ಪ ದಿನದಲ್ಲೇ ಬ್ರಿಟನ್ನಿನ ಊರೂರಲ್ಲೂ ಚರ್ಚ್ ಹಾಲು, ಶಾಲೆ, ಪಬ್ಬುಗಳಲ್ಲಿ ಕಂಬಳಿ, ಡಯಾಪರ್, ಡಬ್ಬಿ ಆಹಾರ, ಹಳೇ ಕೋಟುಗಳ ಗುಡ್ಡೆ ಬಿತ್ತು. ಒಬ್ಬರು ವ್ಯಾನ್ ಕೊಟ್ಟರು. ಇನ್ನಿಬ್ಬರು ನಾವು ಓಡಿಸುತ್ತೇವೆ ಅಂದರು. ಪೋಲೆಂಡಿನ ಗಡಿಯ ಕಡೆ ಹೊರಟೇಬಿಟ್ಟರು.

ಅಂಥ ಎಷ್ಟೋ ಗುಂಪುಗಳು ಒಂದೆರಡು ಟ್ರಿಪ್ಪಿಗೆ ಸುಸ್ತಾಗಿ ನಿಂತವು. ಕೆಲವು ಮಾತ್ರ ವರ್ಷಗಟ್ಟಲೆ ನಡೆದುಕೊಂಡು ಬಂದಿವೆ. ಅಲ್ಲಿ ಸಂಬಳಕ್ಕೆ ಇರುವವರು ಯಾರೂ ಇಲ್ಲ. ನಿವೃತ್ತ ಮೇಷ್ಟ್ರು, ನರ್ಸು, ಲಾರಿ ಓಡಿಸಿ ಅಭ್ಯಾಸ ಇರುವವರು, ಲೆಕ್ಕ ಬರೆಯಲು ಬರುವವರು ರಜಾ ದಿನ ಸೇರಿ ಪೆಟ್ಟಿಗೆ ಕಟ್ಟುತ್ತಾರೆ.

ನಿಂತವರ ಕರುಣೆ ಕಡಿಮೆ ಇತ್ತು ಅಂತ ನಾನು ನಂಬುವುದಿಲ್ಲ. ಆ ಕಡೆ ಸರಕು ಇಳಿಸಿಕೊಳ್ಳುವವರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಂಡವರು ಉಳಿದರು ಅನ್ನುವುದು ನನ್ನ ಅನಿಸಿಕೆ. ಏನು ಕೂಡಿಸಬೇಕು, ಯಾವ ಕಾಗದ ಬೇಕು, ಲೆಕ್ಕ ಹೇಗೆ ಕೊಡಬೇಕು ಎಂಬ ಎಲ್ಲ ಪ್ರಶ್ನೆಗೂ ಉತ್ತರ ಸಿಗುವುದು ಆ ತುದಿಯಲ್ಲಿ. ಅದಕ್ಕೇ ಈ ವಿಷಯವನ್ನು ಹಿಂದುಮುಂದಾಗಿ ಹೇಳುತ್ತೇನೆ. ಮೊದಲು ಸರಕು ಇಳಿಯುವ ಜಾಗ, ಆಮೇಲೆ ಗಡಿ, ಆಮೇಲೆ ಗೋದಾಮು, ಕೊನೆಗೆ ಹಣ ಮತ್ತು ಟ್ರಸ್ಟಿಗಳು. ಉದಾಹರಣೆಗೆ ಬ್ರಿಟನ್ನಿನಿಂದ ಉಕ್ರೇನಿಗೆ ಹೋಗುವ ದಾರಿಯನ್ನೇ ಇಟ್ಟುಕೊಳ್ಳೋಣ. ಬೇರೆ ದೇಶಗಳಿಗೆ ವಿವರ ಬದಲಾಗುತ್ತದೆ, ಕೆಲಸದ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಇಳಿಸಿಕೊಳ್ಳುವವರು ಯಾರು?

ಸುಮ್ನೆ 'ಉಕ್ರೇನಿನ ಜನರಿಗೆ' ಅಂತ ಬರೆದರೆ ಲಾರಿ ಗಡಿ ದಾಟುವುದಿಲ್ಲ. ಒಂದು ಆಸ್ಪತ್ರೆ, ವೃದ್ಧಾಶ್ರಮ, ಪುರಸಭೆ ಅಥವಾ ಅಲ್ಲಿ ನೋಂದಣಿಯಾದ ಸಂಸ್ಥೆಯ ಹೆಸರು, ವಿಳಾಸ ಬೇಕು. ಯುದ್ಧ ಶುರುವಾದ ಹೊಸದರಲ್ಲಿ ಉಕ್ರೇನ್ ನಿಯಮ ಸಡಿಲ ಮಾಡಿತ್ತು. ಗಡಿಯಲ್ಲೇ ಒಂದು ಸರಳ ಘೋಷಣೆ ತುಂಬಿದರೆ ಸಾಕಿತ್ತು. ಆಮೇಲೆ ಸರ್ಕಾರ ಬಿಗಿ ಮಾಡಿತು. 2023ರ ಡಿಸೆಂಬರ್‌ನಿಂದ ಇದಕ್ಕೆ ಆನ್‌ಲೈನ್ ವ್ಯವಸ್ಥೆ ಬಂತು. ಸರಕು ಪಡೆಯುವ ಸಂಸ್ಥೆ ಮೊದಲು ಅದರಲ್ಲಿ ನೋಂದಣಿ ಮಾಡಿಸಬೇಕು. ಏನು ಬರುತ್ತಿದೆ, ಎಷ್ಟು ಬರುತ್ತಿದೆ ಅಂತ ತಾನೇ ಘೋಷಿಸಬೇಕು. ಆಗ ಒಂದು ಕೋಡ್ ಸಿಗುತ್ತದೆ. ಡ್ರೈವರ್ ಗಡಿಯಲ್ಲಿ ಆ ಕೋಡ್ ಕೊಡಬೇಕು. ಸರಕು ಯಾರಿಗೆ ಹಂಚಿದ್ದಾಯಿತು ಅಂತ ಆಮೇಲೆ ವರದಿಯನ್ನೂ ಕೊಡಬೇಕು.

ಇಷ್ಟೊಂದು ಏಕೆ? ನೆರವಿನ ಹೆಸರಲ್ಲಿ ತೆರಿಗೆ ಇಲ್ಲದೆ ಒಳಗೆ ಬಂದ ಸರಕು ಸಂತೆಯಲ್ಲಿ ಮಾರಾಟವಾಗಬಾರದು, ಅಲ್ವಾ? ನೆರವಿನ ವಸ್ತು ಮಾರಿ ಲಾಭ ಮಾಡುವುದನ್ನು ಉಕ್ರೇನ್ 2022ರಲ್ಲೇ ಕ್ರಿಮಿನಲ್ ಅಪರಾಧ ಮಾಡಿತು.

ಇದರ ಪರಿಣಾಮ ಇಂಗ್ಲೆಂಡಿನ ಗೋದಾಮಿನವರೆಗೂ ಬರುತ್ತದೆ. ವ್ಯಾನಿನಲ್ಲಿ ಇನ್ನೂ ಜಾಗ ಇದೆ ಅಂತ ಕೊನೇ ಗಳಿಗೆಯಲ್ಲಿ ಎರಡು ಚೀಲ ತುರುಕಿದರೆ ಪಟ್ಟಿ ತಾಳೆ ಆಗುವುದಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಚೀಲ ತುರುಕಿದವರಲ್ಲ, ಆ ಕಡೆ ಸಹಿ ಹಾಕಿದ ಆಸ್ಪತ್ರೆಯವರು. ಹೊಸದಾಗಿ ಸೇರಿದ ಸ್ವಯಂಸೇವಕರಿಗೆ ಇದನ್ನು ಒಪ್ಪಿಸುವುದು ತುಂಬಾ ಕಷ್ಟ. ಒಳ್ಳೇ ಮನಸ್ಸಿನಿಂದ ತಂದ ಚೀಲವನ್ನು ಬೇಡ ಅನ್ನುವುದು ಯಾರಿಗೂ ಇಷ್ಟವಿಲ್ಲ.

ಆ ಕಡೆಯ ಸಂಸ್ಥೆಯನ್ನು ನಂಬುವುದು ಹೇಗೆ? ಇಂಗ್ಲೆಂಡ್ ಮತ್ತು ವೇಲ್ಸಿನ ಚಾರಿಟಿಗಳ ಮೇಲೆ ಕಣ್ಣಿಡುವುದು ಚಾರಿಟಿ ಕಮಿಷನ್. ಅದು ಹೇಳುವುದು ಮೂರು ಮಾತು: ನಿಮಗೆ ಕೊಡುವವರು ಯಾರು, ನಿಮ್ಮ ಜೊತೆ ಕೆಲಸ ಮಾಡುವವರು ಯಾರು, ಕೊನೆಗೆ ಪಡೆಯುವವರು ಯಾರು, ಮೂವರೂ ನಿಮಗೆ ಗೊತ್ತಿರಬೇಕು. ಸಣ್ಣ ಗುಂಪುಗಳು ಇದನ್ನು ದೊಡ್ಡ ಕಡತ ಮಾಡದೆಯೇ ಮಾಡಬಹುದು. ಸಂಸ್ಥೆಯ ನೋಂದಣಿ ಸಂಖ್ಯೆ ಕೇಳಿ ಸರ್ಕಾರಿ ಪಟ್ಟಿಯಲ್ಲಿ ನೋಡುವುದು. ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಲ್ಲಿದೆಯೋ, ಯಾರದೋ ಸ್ವಂತ ಹೆಸರಲ್ಲಿದೆಯೋ ನೋಡುವುದು. ಅವರ ಜೊತೆ ಈಗಾಗಲೇ ಕೆಲಸ ಮಾಡಿದ ಇನ್ನೊಂದು ಗುಂಪಿಗೆ ಫೋನ್ ಮಾಡುವುದು. ವಿಡಿಯೊ ಕರೆಯಲ್ಲಿ ಅವರ ಉಗ್ರಾಣ ತೋರಿಸಿ ಅನ್ನುವುದು. ಮೊದಲ ಸಲ ಸಣ್ಣ ಸರಕು ಕಳಿಸಿ, ರಸೀದಿ, ಹಂಚಿದ ಪಟ್ಟಿ ಸರಿಯಾಗಿ ಬರುತ್ತದೋ ನೋಡುವುದು. ಇದು ಅನುಮಾನ ಅಂತ ಮುಜುಗರ ಪಡುವವರಿದ್ದಾರೆ. ಆ ಕಡೆಯವರಿಗೆ ಮುಜುಗರ ಇರುವುದಿಲ್ಲ. ನಿಜವಾಗಿ ಕೆಲಸ ಮಾಡುವ ಸಂಸ್ಥೆಗೆ ಈ ಪ್ರಶ್ನೆಗಳು ಹೊಸದೂ ಅಲ್ಲ.

ಫೋಟೊ ವಿಷಯ ಒಂದು ಇದೆ. ಇಲ್ಲಿನ ದಾನಿಗಳಿಗೆ ತೋರಿಸಲು ಫೋಟೊ ಬೇಕು. ಹಾಗಂತ ಪೆಟ್ಟಿಗೆ ಹಿಡಿದ ಮುದುಕಿಯನ್ನು ಕ್ಯಾಮೆರಾ ಮುಂದೆ ನಗಿಸುವುದು ನನಗೆ ಹಿಡಿಸುವುದಿಲ್ಲ. ಯುದ್ಧ ನಡೆಯುವ ಊರಿನಲ್ಲಿ ಜಾಗ, ಮುಖ ಗುರುತಾಗುವುದು ಅಪಾಯವೂ ಹೌದು. ಇಳಿಸಿದ ಪೆಟ್ಟಿಗೆಗಳ ಫೋಟೊ, ಸಹಿ ಮಾಡಿದ ರಸೀದಿ ಸಾಕು.

ಕೇಳಿದ್ದು ಕಳಿಸುವುದು, ಇದ್ದದ್ದು ಕಳಿಸುವುದು

1988ರ ಡಿಸೆಂಬರ್‌ನಲ್ಲಿ ಅರ್ಮೇನಿಯಾದಲ್ಲಿ ಭೂಕಂಪ ಆಯಿತು. ಪ್ರಪಂಚದ ಮೂಲೆಮೂಲೆಯಿಂದ 5,000 ಟನ್ ಔಷಧ, ವೈದ್ಯಕೀಯ ಸಾಮಗ್ರಿ ಬಂತು. ಏನೇನು ಬಂದಿದೆ ಅಂತ ವಿಂಗಡಿಸುವುದಕ್ಕೇ 50 ಜನರಿಗೆ ಆರು ತಿಂಗಳು ಹಿಡಿಯಿತು. ಶೇ 8ರಷ್ಟು ಔಷಧದ ಅವಧಿ ಬರುವ ಹೊತ್ತಿಗೇ ಮುಗಿದಿತ್ತು. ಶೇ 4ರಷ್ಟು ಹಿಮಕ್ಕೆ ಸಿಕ್ಕಿ ಹಾಳಾಗಿತ್ತು. ಉಳಿದದ್ದರಲ್ಲಿ ಸುಲಭವಾಗಿ ಗುರುತು ಹಿಡಿಯಲು ಆದದ್ದು ಶೇ 30 ಮಾತ್ರ. 1992ರಿಂದ 1996ರವರೆಗೆ, ಬೋಸ್ನಿಯಾ ಯುದ್ಧದ ಕಾಲದಲ್ಲೂ ಅದು ಮುಗಿದ ಹೊಸದರಲ್ಲೂ ಬಂದ ಔಷಧಗಳಲ್ಲಿ ಸುಮಾರು 17,000 ಟನ್ ಉಪಯೋಗಕ್ಕೆ ಬಾರದ್ದು ಅಂತ ಲೆಕ್ಕ ಹಾಕಿದರು. ಔಷಧವನ್ನು ಸುಮ್ನೆ ಗುಂಡಿ ತೋಡಿ ಹೂಳುವ ಹಾಗಿಲ್ಲ. ಅದನ್ನು ಸರಿಯಾಗಿ ಸುಟ್ಟು ನಾಶ ಮಾಡುವ ಖರ್ಚು ಯುದ್ಧದಲ್ಲಿ ನೊಂದ ದೇಶದ ತಲೆಗೇ ಬಂತು.

ಇಂಥದ್ದೆಲ್ಲ ಆದಮೇಲೆ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ಅಲ್ಲಿ ಬೇಕು ಅಂತ ಕೇಳಿದ ಔಷಧ ಮಾತ್ರ ಕಳಿಸಿ. ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಲಿ. ಅಲ್ಲಿನ ವೈದ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಲೇಬಲ್ ಇರಲಿ. ರೋಗಿಗಳು ವಾಪಸು ಕೊಟ್ಟ ಮಾತ್ರೆ ಬೇಡವೇ ಬೇಡ. ಸಣ್ಣ ಚಾರಿಟಿಗೆ ಇದರಿಂದ ಸಿಗುವ ಪಾಠ ನೇರವಾಗಿದೆ: ಮನೆಯ ಔಷಧದ ಡಬ್ಬಿಯಲ್ಲಿ ಉಳಿದದ್ದನ್ನು ತೆಗೆದುಕೊಳ್ಳಬೇಡಿ.

ಬಟ್ಟೆಯ ಕಥೆ ನಮ್ಮ ಕಡೆಯವರಿಗೂ ಗೊತ್ತು. 2004ರ ಸುನಾಮಿ ಆದಮೇಲೆ ತಮಿಳುನಾಡಿನ ನಾಗಪಟ್ಟಣದ ಕಡೆ ಹಳೇ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಮೀನುಗಾರರು ಮುಟ್ಟಲಿಲ್ಲ. ಮನೆ, ದೋಣಿ ಕಳೆದುಕೊಂಡವರಿಗೂ ಬೇರೆಯವರು ಉಟ್ಟು ಬಿಟ್ಟದ್ದು ಬೇಡ ಅನ್ನುವ ಹಕ್ಕಿದೆ.

ಉಕ್ರೇನಿನಲ್ಲಿ ಬೇಡಿಕೆ ಕಾಲಕ್ಕೆ ತಕ್ಕಂತೆ ತಿರುಗುತ್ತಾ ಬಂದಿದೆ. ಮೊದಲ ತಿಂಗಳುಗಳಲ್ಲಿ ಓಡಿಬಂದವರಿಗೆ ಹಾಸಿಗೆ, ಡಯಾಪರ್, ಊಟ ಬೇಕಿತ್ತು. 2022ರ ಅಕ್ಟೋಬರ್‌ನಿಂದ ರಷ್ಯಾ ವಿದ್ಯುತ್ ಜಾಲದ ಮೇಲೆ ದಾಳಿ ಶುರು ಮಾಡಿದ ಮೇಲೆ ಜನರೇಟರ್, ಮೇಣದ ಬತ್ತಿ, ಪವರ್ ಬ್ಯಾಂಕ್ ಕೇಳತೊಡಗಿದರು. ಆಸ್ಪತ್ರೆಗಳಿಗೆ ಹಾಸಿಗೆ, ಗಾಲಿಕುರ್ಚಿ, ಊರುಗೋಲು ಸದಾ ಬೇಕು. ಹಿಂದಿನ ಚಳಿಗಾಲದ ಪಟ್ಟಿ ಹಿಡಿದು ಈ ಚಳಿಗಾಲದಲ್ಲಿ ಕೂಡಿಸುವ ಗುಂಪು ಮತ್ತೆ ಅದೇ ಗುಡ್ಡೆ ಕಟ್ಟುತ್ತದೆ.

ಇಲ್ಲಿ ಒಂದು ಕಹಿ ಲೆಕ್ಕ ಹಾಕಲೇಬೇಕು. ಫ್ರಾನ್ಸಿನ ಕಾಲೆ ಬಂದರಿನಿಂದ ಪೋಲೆಂಡಿನ ಮೆದಿಕಾ ಗಡಿಗೆ 1,700 ಕಿಲೋಮೀಟರ್‌ಗಿಂತ ಜಾಸ್ತಿ. ಅಲ್ಲಿಂದ ಉಕ್ರೇನಿನ ಲ್ವೀವ್ ನಗರ ಇನ್ನೂ ಮುಂದೆ. ಹೋಗಿ ಬರಲು ವ್ಯಾನು ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ ಅಂದುಕೊಂಡರೂ 350 ಲೀಟರ್‌ಗಿಂತ ಹೆಚ್ಚು ಡೀಸೆಲ್ ಬೇಕು. ಮೇಲೆ ಬ್ರಿಟನ್ನಿನಿಂದ ಫ್ರಾನ್ಸಿಗೆ ಕಡಲು ದಾಟುವ ಹಡಗು ಅಥವಾ ಸುರಂಗದ ಟಿಕೆಟ್, ಡ್ರೈವರ್‌ಗಳ ಊಟ, ವಸತಿ. 3.5 ಟನ್‌ನ ವ್ಯಾನಿನಲ್ಲಿ ವ್ಯಾನಿನ ತೂಕ ಕಳೆದರೆ ಸರಕಿಗೆ ಉಳಿಯುವುದು ಸುಮಾರು ಒಂದು ಟನ್. ಆ ಒಂದು ಟನ್ ಹಳೇ ಬಟ್ಟೆ, ಪಾಸ್ತಾ, ಸೋಪು ಆಗಿದ್ದರೆ ಸರಕಿನ ಬೆಲೆಗಿಂತ ಸಾಗಣೆಯೇ ದುಬಾರಿ ಆಗಬಹುದು. ಲ್ವೀವ್‌ನಲ್ಲಿ ಅಂಗಡಿಗಳು ತೆರೆದೇ ಇವೆ. ಪಾಸ್ತಾ ಅಲ್ಲೇ ಸಿಗುತ್ತದೆ, ಅದೂ ಕಡಿಮೆ ಬೆಲೆಗೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೂಡ 2022ರಲ್ಲಿ ಉಕ್ರೇನಿನೊಳಗೆ ಮನೆ ಬಿಟ್ಟವರಿಗೆ ತಲೆಗೆ ತಿಂಗಳಿಗೆ 2,220 ಹ್ರಿವ್ನಿಯಾ (ಉಕ್ರೇನಿನ ಹಣ) ನಗದೇ ಕೊಟ್ಟಿತು. ಏನು ಬೇಕೋ ಅವರೇ ಕೊಳ್ಳಲಿ, ಊರಿನ ಅಂಗಡಿಯವರಿಗೂ ವ್ಯಾಪಾರ ಆಗಲಿ ಅಂತ.

ಹಾಗಾದರೆ ಲಾರಿ ಏಕೆ ಬೇಕು? ಇಲ್ಲಿ ಪುಕ್ಕಟೆ ಸಿಗುವ, ಅಲ್ಲಿ ಕೊಳ್ಳಲು ದುಬಾರಿಯಾದ ವಸ್ತುಗಳಿಗೆ. ಇಂಗ್ಲೆಂಡಿನ ಆಸ್ಪತ್ರೆ ಹೊಸ ಮಂಚ ತರಿಸಿದಾಗ ಹಳೆಯದು ಇನ್ನೂ ಗಟ್ಟಿಮುಟ್ಟಾಗಿರುತ್ತದೆ. ಊರುಗೋಲು, ವಾಕರ್, ಗಾಲಿಕುರ್ಚಿ ಮನೆಮನೆಯ ಮೂಲೆಯಲ್ಲಿ ಬಿದ್ದಿರುತ್ತವೆ. ಬ್ರಿಟನ್ನಿನ ಅಗ್ನಿಶಾಮಕ ದಳಗಳು ತಮ್ಮ ಹಳೇ ಗಾಡಿಗಳನ್ನು ಫೈರ್ ಏಡ್ ಎಂಬ ಚಾರಿಟಿಯ ಮೂಲಕ ಸಾಲುಸಾಲಾಗಿ ಉಕ್ರೇನಿಗೆ ಕಳಿಸಿವೆ. ಅಲ್ಲಿ ಗಾಡಿಯೇ ಸರಕು. ಅದು ವಾಪಸು ಬರಬೇಕಾಗಿಲ್ಲ, ಡ್ರೈವರ್‌ಗಳು ಬಂದರೆ ಸಾಕು. ಮಂಚಕ್ಕೆ ವಿದ್ಯುತ್ ಪ್ಲಗ್ ಇದ್ದರೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಬ್ರಿಟನ್ನಿನ ಮೂರು ಚೌಕ ಕಡ್ಡಿಯ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ. ಅಡಾಪ್ಟರ್ ಜೊತೆಗೇ ಟೇಪು ಹಾಕಿ ಅಂಟಿಸಬೇಕು.

ಸರಕಿನಿಂದ ಶುರು ಮಾಡಿ ಬೇರೆ ಕಡೆ ಹೊರಳಿದವರೂ ಇದ್ದಾರೆ. 1992ರಲ್ಲಿ ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೊ ಮತ್ತು ಅವರ ಸಹೋದರ ಫರ್ಗಸ್ ಸೇರಿ ಒಂದು ಲ್ಯಾಂಡ್ ರೋವರ್‌ನಲ್ಲಿ ಬೋಸ್ನಿಯಾಕ್ಕೆ ನೆರವು ತೆಗೆದುಕೊಂಡು ಹೋದರು. ಡಾಲ್‌ಮಲಿ ಊರಿನ ಮನೆಯ ಶೆಡ್ಡೇ ಅವರ ಗೋದಾಮು. ವಾಪಸು ಬರುವ ಹೊತ್ತಿಗೆ ಶೆಡ್ ಮತ್ತೆ ತುಂಬಿತ್ತು. ಹತ್ತು ವರ್ಷ ಆದಮೇಲೆ, 2002ರಲ್ಲಿ, ಅದೇ ಸಂಸ್ಥೆ ಮಲಾವಿ ದೇಶದಲ್ಲಿ ಶಾಲಾ ಮಕ್ಕಳಿಗೆ ಊಟ ಕೊಡಲು ಶುರು ಮಾಡಿತು. ಮೇರೀಸ್ ಮೀಲ್ಸ್ ಅಂತ ಹೆಸರು. ಈಗ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆ ದಿನಗಳಲ್ಲಿ ಊಟ ಕೊಡುತ್ತದೆ. ಆದಷ್ಟೂ ಆಹಾರವನ್ನು ಆಯಾ ದೇಶದಲ್ಲೇ ಕೊಳ್ಳುತ್ತಾರೆ, ಅಡುಗೆ ಮಾಡುವವರು ಊರಿನ ಸ್ವಯಂಸೇವಕರೇ.

ಗಡಿ

2021ರ ಜನವರಿ 1ರವರೆಗೆ ಇಂಗ್ಲೆಂಡಿನಿಂದ ಪೋಲೆಂಡಿಗೆ ಸರಕು ಒಯ್ಯಲು ಕಸ್ಟಮ್ಸ್ ಇರಲಿಲ್ಲ. ಬ್ರೆಕ್ಸಿಟ್ ಜಾರಿಯಾದ ಮೇಲೆ ಎಲ್ಲಾ ಬದಲಾಯಿತು. ಈಗ ಬ್ರಿಟನ್ನಿನಿಂದ ಹೊರಡುವಾಗ ರಫ್ತು ಘೋಷಣೆ, ಯುರೋಪಿಯನ್ ಒಕ್ಕೂಟ ದಾಟಲು ಟ್ರಾನ್ಸಿಟ್ ಕಾಗದ, ಉಕ್ರೇನಿಗೆ ಹೋಗುವಾಗ ಅಲ್ಲಿಯ ಘೋಷಣೆ, ಹೀಗೆ ಮೂರು ಹಂತ. ಉಕ್ರೇನಿನ ನೆರವಿಗಾಗಿ ಬ್ರಿಟನ್ 2022ರಲ್ಲಿ ರಫ್ತು ಘೋಷಣೆಯನ್ನು ಸರಳ ಮಾಡಿತು. ಒಳ್ಳೆಯದೇ ಆಯಿತು. ಆದರೆ ಅದು ಮೂರರಲ್ಲಿ ಒಂದು ಹಂತ ಅಷ್ಟೆ.

ಟ್ರಾನ್ಸಿಟ್ ಕಾಗದದ ತಿರುಳು ಇಷ್ಟು: ಸರಕು ಒಕ್ಕೂಟದೊಳಗೆ ಮಾರಾಟವಾಗುವುದಿಲ್ಲ, ದಾಟಿ ಹೋಗುತ್ತದೆ ಅಷ್ಟೇ, ಆದ್ದರಿಂದ ಸುಂಕ ಬೇಡ. ಅದಕ್ಕೆ ಯಾರಾದರೂ ಜಾಮೀನು ನಿಲ್ಲಬೇಕು. ಲಾರಿ ಗಡಿ ದಾಟಿದ್ದು ದಾಖಲಾಗದೆ ಹೋದರೆ ಸುಂಕದ ಬಿಲ್ ಜಾಮೀನುದಾರರ ಮೇಲೆ ಬೀಳುತ್ತದೆ. ಸಣ್ಣ ಚಾರಿಟಿಗಳು ಸಾಮಾನ್ಯವಾಗಿ ಕಸ್ಟಮ್ಸ್ ಏಜೆಂಟ್ ಹಿಡಿಯುತ್ತವೆ. ಉಕ್ರೇನ್ 2022ರ ಅಕ್ಟೋಬರ್ 1ರಂದು ಈ ಟ್ರಾನ್ಸಿಟ್ ಕಾಗದ ನಡೆಯುವ ದೇಶಗಳ ಒಪ್ಪಂದಕ್ಕೆ ಸೇರಿತು. ಹಾಗಾಗಿ ಒಂದೇ ಕಾಗದದಲ್ಲಿ ಉಕ್ರೇನಿನೊಳಗಿನ ಕಸ್ಟಮ್ಸ್ ಕಚೇರಿಯವರೆಗೂ ಹೋಗಲು ದಾರಿಯಾಯಿತು.

ಈ ಎಲ್ಲ ಕಾಗದಕ್ಕೂ ಬುನಾದಿ ಪ್ಯಾಕಿಂಗ್ ಲಿಸ್ಟ್, ಅಂದರೆ ಯಾವ ಪೆಟ್ಟಿಗೆಯಲ್ಲಿ ಏನೇನಿದೆ ಎಂಬ ಪಟ್ಟಿ. ಪುಕ್ಕಟೆ ಕೊಡುವ ವಸ್ತುವಿಗೂ ಬೆಲೆ ಬರೆಯಬೇಕು. ಸೊನ್ನೆ ಅಂತ ಬರೆದರೆ ಒಪ್ಪುವುದಿಲ್ಲ. ಪ್ರತಿ ವಸ್ತುವಿಗೆ ಕಸ್ಟಮ್ಸ್ ಕೋಡ್ ಇದೆ. ಉಟ್ಟ ಬಟ್ಟೆ 6309, ಕಂಬಳಿ 6301, ಮೇಣದ ಬತ್ತಿ 3406, ಗಾಲಿಕುರ್ಚಿ 8713, ಜನರೇಟರ್ 8502. ಒಂದೇ ಪೆಟ್ಟಿಗೆಯಲ್ಲಿ ಸೋಪು, ಸಾಕ್ಸು, ಟಾರ್ಚು, ಬಿಸ್ಕತ್ತು ಬೆರೆಸಿದರೆ ನಾಲ್ಕು ಕೋಡ್, ನಾಲ್ಕು ತೂಕ, ನಾಲ್ಕು ಬೆಲೆ. ಅಂಥ 200 ಪೆಟ್ಟಿಗೆ ಇದ್ದರೆ ಪಟ್ಟಿ ಬರೆಯುವವರ ಪಾಡು ಊಹಿಸಿ. 'ಒಂದು ಕುಟುಂಬಕ್ಕೆ ಒಂದು ಪೆಟ್ಟಿಗೆ' ಅನ್ನುವ ಸುಂದರ ಕಲ್ಪನೆ ಸಾಯುವುದು ಇಲ್ಲೇ.

ತಿನ್ನುವ ವಸ್ತು ಇನ್ನೂ ತೊಡಕು. ಬ್ರಿಟನ್ನಿನಿಂದ ಒಕ್ಕೂಟದೊಳಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವ ನಿಯಮ ಬಿಗಿ. 2021ರ ಜನವರಿಯಲ್ಲಿ ನೆದರ್ಲೆಂಡ್ಸ್ ಬಂದರಿನಲ್ಲಿ ಬ್ರಿಟನ್ನಿನಿಂದ ಬಂದ ಡ್ರೈವರ್‌ನ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡ ಸುದ್ದಿ ನೆನಪಿರಬಹುದು. ಒಂದು ಸ್ಯಾಂಡ್‌ವಿಚ್‌ಗೇ ಹೀಗಾದರೆ ಪ್ಯಾಲೆಟ್ಟುಗಟ್ಟಲೆ ಡಬ್ಬಿ ಮಾಂಸಕ್ಕೆ ಕೇಳಬೇಕೆ?

ಪ್ಯಾಲೆಟ್ ಅಂದೆ. ಪೆಟ್ಟಿಗೆಗಳನ್ನು ಜೋಡಿಸಿ ಎತ್ತುವ ಆ ಮರದ ಹಲಗೆಗೂ ನಿಯಮ ಇದೆ. ಮರದೊಳಗಿನ ಹುಳ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಾರದು ಅಂತ ಮರದ ಒಳತಿರುಳು 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇರುವ ಹಾಗೆ ಕಾಯಿಸಬೇಕು. ಕಾಯಿಸಿದ್ದಕ್ಕೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಒತ್ತಿರುತ್ತಾರೆ. ಮುದ್ರೆ ಇಲ್ಲದ ಪ್ಯಾಲೆಟ್ ಸಿಕ್ಕರೆ ಪೂರ್ತಿ ಸರಕು ನಿಲ್ಲಬಹುದು. ಊರಿನ ಅಂಗಡಿಯ ಹಿಂದೆ ಬಿದ್ದ ಹಳೇ ಪ್ಯಾಲೆಟ್ ಪುಕ್ಕಟೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಮುದ್ರೆ ಹುಡುಕಿ.

ಡ್ರೈವರ್‌ಗಳ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಬ್ರಿಟನ್ನಿನ ಪಾಸ್‌ಪೋರ್ಟ್ ಇದ್ದವರು ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ತಿಂಗಳಿಗೆ ಎರಡು ಟ್ರಿಪ್, ಟ್ರಿಪ್ಪಿಗೆ ಷೆಂಗೆನ್‌ನಲ್ಲಿ 6 ದಿನ ಅಂದರೆ ಆರು ತಿಂಗಳಲ್ಲಿ 72 ದಿನ ಹೋಯಿತು. ಹೆಂಡತಿ ಮಕ್ಕಳ ಜೊತೆ ಸ್ಪೇನಿಗೆ ಎರಡು ವಾರ ರಜೆ ಹೋದರೆ ಉಳಿಯುವುದು 4 ದಿನ. 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟ್ ಮುದ್ರೆಯ ಬದಲು ಕಂಪ್ಯೂಟರ್ ಈ ಲೆಕ್ಕ ಇಡಲು ಶುರು ಮಾಡಿದೆ. ಕಣ್ಣು ತಪ್ಪಿಸಲಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಡುವುದಾದರೆ ಷೆಂಗೆನ್ ವೀಸಾ ಬೇಕು, ಉಕ್ರೇನಿಗೆ ಬೇರೆ ವೀಸಾ ಬೇಕು. ನಿಜ ಹೇಳಬೇಕೆಂದರೆ ಅವರು ಗೋದಾಮಿನಲ್ಲಿ, ಲೆಕ್ಕಪತ್ರದಲ್ಲಿ ಕೈಜೋಡಿಸಿದರೆ ಇನ್ನೂ ಜಾಸ್ತಿ ಉಪಯೋಗ. ಓಡಿಸಲು ಬರುವವರು ಸಿಗುತ್ತಾರೆ, ಎಕ್ಸೆಲ್ ಹಾಳೆ ಸರಿಯಾಗಿ ತುಂಬುವವರು ಸಿಗುವುದಿಲ್ಲ.

ವಿಮೆಯನ್ನೂ ಮರೆಯಬೇಡಿ. ಸರ್ಕಾರ ಹೋಗಬೇಡಿ ಅಂದ ಜಾಗಕ್ಕೆ ಹೋದರೆ ಸಾಮಾನ್ಯ ಪ್ರಯಾಣ ವಿಮೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಎಷ್ಟೋ ಗುಂಪುಗಳು ಪೋಲೆಂಡಿನಲ್ಲೇ ಸರಕು ಇಳಿಸಿ, ಅಲ್ಲಿಂದ ಮುಂದೆ ಉಕ್ರೇನಿನ ಡ್ರೈವರ್‌ಗಳಿಗೆ ಒಪ್ಪಿಸುತ್ತವೆ. ಇದರಲ್ಲಿ ಸಾಹಸ ಕಡಿಮೆ, ಫೇಸ್‌ಬುಕ್‌ಗೆ ಹಾಕುವ ಫೋಟೊ ಕಡಿಮೆ. ನನ್ನ ಮತ ಮಾತ್ರ ಇದಕ್ಕೇ. ಗಡಿಯಲ್ಲಿ ಏನು ಬೇಕಾದರೂ ಆಗಬಹುದು ಅನ್ನುವುದಕ್ಕೆ 2023ರ ನವೆಂಬರ್ 6ರಂದು ಪೋಲೆಂಡಿನ ಲಾರಿಯವರು ಶುರು ಮಾಡಿದ ಗಡಿ ತಡೆ ಸಾಕ್ಷಿ. ನೆರವಿನ ಗಾಡಿಗಳನ್ನು ಬಿಡುತ್ತೇವೆ ಅಂತ ಅವರು ಹೇಳಿದ್ದರು. ಆದರೂ ಕಿಲೋಮೀಟರ್‌ಗಟ್ಟಲೆ ಸಾಲು ನಿಂತ ರಸ್ತೆಯಲ್ಲಿ ಮುಂದೆ ಹೋಗುವುದು ಹೇಗೆ?

ಗೋದಾಮು

ಇಲ್ಲಿ ಬೇಕಾದದ್ದು ಮದುವೆ ಮನೆಯ ಉಗ್ರಾಣ ನೋಡಿಕೊಳ್ಳುವವರಂಥ ಒಬ್ಬರು. ಯಾವುದು ಎಲ್ಲಿದೆ, ಎಷ್ಟಿದೆ, ಯಾರಿಗೆ ಕೊಡಬಾರದು ಅಂತ ಗೊತ್ತಿದ್ದು, ಬೇಡ ಅನ್ನಲು ಹೆದರದವರು.

ಸರಕು ಬಂದ ದಿನವೇ ವಿಂಗಡಿಸಬೇಕು. ಒಂದು ಪೆಟ್ಟಿಗೆಗೆ ಒಂದೇ ಬಗೆ. ಪೆಟ್ಟಿಗೆಯ ಮೇಲೆ ಸಂಖ್ಯೆ, ತೂಕ, ಒಳಗೇನಿದೆ ಅಂತ ಇಂಗ್ಲಿಷಿನಲ್ಲೂ ಉಕ್ರೇನಿಯನ್‌ನಲ್ಲೂ ಬರೆಯಬೇಕು. ಬಟ್ಟೆಯಾದರೆ ಗಂಡಸರದ್ದೋ ಹೆಂಗಸರದ್ದೋ ಮಕ್ಕಳದ್ದೋ, ಅಳತೆ ಎಷ್ಟು. ಒಬ್ಬರೇ ಎತ್ತುವಷ್ಟು ತೂಕ ಇರಲಿ. ಆ ಕಡೆ ಇಳಿಸುವವರು ಬಹುಪಾಲು ಹೆಂಗಸರು, ವಯಸ್ಸಾದವರು, ಏಕೆಂದರೆ ಗಂಡಸರು ಯುದ್ಧಕ್ಕೆ ಹೋಗಿರುತ್ತಾರೆ.

13.6 ಮೀಟರಿನ ದೊಡ್ಡ ಟ್ರೇಲರ್‌ನಲ್ಲಿ ಬ್ರಿಟನ್ ಅಳತೆಯ 26 ಪ್ಯಾಲೆಟ್ ಅಥವಾ ಯುರೋ ಅಳತೆಯ 33 ಪ್ಯಾಲೆಟ್ ಹಿಡಿಯುತ್ತವೆ. ಇಪ್ಪತ್ತು ಟನ್ ದಾಟಿ ಸರಕು ಹೋಗುತ್ತದೆ. ವ್ಯಾನಿನ ಇಪ್ಪತ್ತು ಟ್ರಿಪ್ಪಿನ ಕೆಲಸ ಒಂದೇ ಸಲಕ್ಕೆ. ಸಾಗಣೆ ಕಂಪನಿಗೆ ಹಣ ಕೊಟ್ಟರೂ ಟನ್ನಿಗೆ ಬೀಳುವ ಖರ್ಚು ಕಡಿಮೆ. ಆದರೆ ಅಷ್ಟು ಸರಕು ತುಂಬುವವರೆಗೆ ಇಡಲು ಒಣ ಜಾಗ ಬೇಕು, ಫೋರ್ಕ್‌ಲಿಫ್ಟ್ ಬೇಕು, ಅದನ್ನು ಓಡಿಸಲು ತರಬೇತಿ ಪಡೆದವರು ಬೇಕು. ಈ ಮೂರೂ ಇದ್ದರೆ ವ್ಯಾನ್ ಬಿಟ್ಟು ಲಾರಿಗೆ ಹೋಗುವುದು ಜಾಣತನ.

ಹಣ, ಟ್ರಸ್ಟಿಗಳು, ಕಾನೂನು

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಚಾರಿಟಿಯ ವರಮಾನ ವರ್ಷಕ್ಕೆ 5,000 ಪೌಂಡ್ ದಾಟಿದರೆ ಚಾರಿಟಿ ಕಮಿಷನ್ನಿನಲ್ಲಿ ನೋಂದಣಿ ಮಾಡಿಸಬೇಕು. ಸ್ಕಾಟ್ಲೆಂಡಿನಲ್ಲಿ ವರಮಾನ ಎಷ್ಟೇ ಇರಲಿ, ಚಾರಿಟಿ ಅಂತ ಕರೆದುಕೊಳ್ಳಬೇಕಾದರೆ ನೋಂದಣಿ ಬೇಕು. ಗೆಳೆಯರು ಸೇರಿ ಮಾಡಿದ ಗುಂಪು ಹಾಗೇ ಇದ್ದರೆ ಗೋದಾಮಿನ ಬಾಡಿಗೆ ಕರಾರು ಯಾರದೋ ಒಬ್ಬರ ಸ್ವಂತ ಹೆಸರಲ್ಲಿ ಇರುತ್ತದೆ. ಬಾಡಿಗೆ ಬಾಕಿಯಾದರೆ ಅವರ ಜೇಬಿಗೇ ಕೈ. 2013ರಿಂದ ಸಿಐಒ (ಚಾರಿಟಬಲ್ ಇನ್ಕಾರ್ಪೊರೇಟೆಡ್ ಆರ್ಗನೈಸೇಷನ್) ಎಂಬ ರೂಪ ಬಂದಿದೆ. ಅದರಲ್ಲಿ ಸಂಸ್ಥೆಗೇ ಕಾನೂನಿನ ಅಸ್ತಿತ್ವ ಇದೆ, ಕರಾರು ಸಂಸ್ಥೆಯ ಹೆಸರಲ್ಲೇ ಆಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಇದೇ ಅನುಕೂಲ.

ಟ್ರಸ್ಟಿಗಳಿಗೆ ಸಾಮಾನ್ಯವಾಗಿ ಸಂಬಳ ಇಲ್ಲ. ಜವಾಬ್ದಾರಿ ಮಾತ್ರ ಪೂರ್ತಿ ಇದೆ. ಹಣ ಬ್ರಿಟನ್ ದಾಟಿ ಹೋದರೆ, ಅದು ಧರ್ಮಕಾರ್ಯಕ್ಕೇ ಖರ್ಚಾಯಿತು ಅಂತ ಖಾತ್ರಿ ಮಾಡಿಕೊಳ್ಳಲು ತಕ್ಕ ಕ್ರಮ ತೆಗೆದುಕೊಂಡಿದ್ದೇವೆ ಅಂತ ತೆರಿಗೆ ಇಲಾಖೆಗೆ ತೋರಿಸಬೇಕು. ಇಲ್ಲದಿದ್ದರೆ ಚಾರಿಟಿಯೇ ಆ ಹಣಕ್ಕೆ ತೆರಿಗೆ ಕಟ್ಟಬೇಕಾಗಬಹುದು. ಮೇಲೆ ಹೇಳಿದ ಸಹಿ ಮಾಡಿದ ರಸೀದಿ ಕೆಲಸಕ್ಕೆ ಬರುವುದು ಈಗ.

ತೆರಿಗೆ ಇಲಾಖೆಯಲ್ಲೂ ಬೇರೆಯಾಗಿ ನೋಂದಣಿ ಮಾಡಿಸಿದರೆ ಗಿಫ್ಟ್ ಏಡ್ ಸಿಗುತ್ತದೆ. ಆದಾಯ ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರ ಅದಕ್ಕೆ 25 ಪೆನ್ಸ್ ಸೇರಿಸುತ್ತದೆ. ದಾನಿಯ ಹೆಸರು, ವಿಳಾಸ, ಒಪ್ಪಿಗೆ ದಾಖಲೆಯಲ್ಲಿ ಇರಬೇಕು. ಡಬ್ಬಿಯಲ್ಲಿ ಬಿದ್ದ ಚಿಲ್ಲರೆಗೆ ಇಷ್ಟು ಕಾಗದ ಬೇಡ. 30 ಪೌಂಡ್‌ವರೆಗಿನ ಸಣ್ಣ ಕಾಣಿಕೆಗಳಿಗೆ ಬೇರೆ ಯೋಜನೆ ಇದೆ, ವರ್ಷಕ್ಕೆ 8,000 ಪೌಂಡ್ ಕಾಣಿಕೆಯವರೆಗೆ. ಅಂದರೆ 2,000 ಪೌಂಡ್ ಸರ್ಕಾರದಿಂದ. ನಾಲ್ಕಾರು ಟ್ರಿಪ್ಪಿನ ಡೀಸೆಲ್ ಖರ್ಚು ಇದರಿಂದಲೇ ಬರುತ್ತಿದ್ದರೂ ಅರ್ಜಿ ಹಾಕದ ಗುಂಪುಗಳಿವೆ ಅನ್ನುವುದು ಬೇಸರದ ಸಂಗತಿ.

ಹಣ ಕೇಳುವ ಮಾತನ್ನು ಎಚ್ಚರದಿಂದ ಬರೆಯಿರಿ. 'ಖಾರ್ಕಿವ್‌ನ ಈ ಆಸ್ಪತ್ರೆಗೆ ಜನರೇಟರ್ ಕೊಳ್ಳಲು' ಅಂತ ಕೇಳಿ ಕೂಡಿಸಿದ ಹಣವನ್ನು ವ್ಯಾನಿನ ಟೈರಿಗೆ ಹಾಕುವ ಹಾಗಿಲ್ಲ. ಅದು ಆ ಕೆಲಸಕ್ಕೇ ಕಟ್ಟುಬಿದ್ದ ಹಣ. ಜನರೇಟರ್ ಬೇರೆ ಯಾರೋ ಕೊಟ್ಟುಬಿಟ್ಟರೆ? ಹಣ ಸಿಕ್ಕಿಹಾಕಿಕೊಳ್ಳುತ್ತದೆ. 'ಹೆಚ್ಚು ಬಂದರೆ ಅಥವಾ ಬೇಡವಾದರೆ ನಮ್ಮ ಬೇರೆ ನೆರವಿನ ಕೆಲಸಕ್ಕೆ ಬಳಸುತ್ತೇವೆ' ಎಂಬ ಒಂದು ಸಾಲು ಮೊದಲೇ ಸೇರಿಸಿದರೆ ತಲೆನೋವು ಇಲ್ಲ.

ಸೈನ್ಯದ ಪ್ರಶ್ನೆ ಬಂದೇ ಬರುತ್ತದೆ. ಮುಂಚೂಣಿಯ ಸೈನಿಕರಿಗೆ ಪಿಕಪ್ ಗಾಡಿ, ಡ್ರೋನ್ ಕೊಡಿ ಅಂತ ಕೇಳುತ್ತಾರೆ. ಕೇಳುವವರ ಕಷ್ಟ ಸುಳ್ಳಲ್ಲ. ಆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಬೇರೆ ದೇಶದ ಸೈನ್ಯಕ್ಕೆ ಯುದ್ಧ ಸಾಮಗ್ರಿ ಕೊಡುವುದು ಚಾರಿಟಿಯ ಕೆಲಸ ಅಲ್ಲ. ಗುಂಡು ತಡೆಯುವ ಕವಚ, ಸೈನ್ಯದ ಹೆಲ್ಮೆಟ್ ಹೊರಗೆ ಕಳಿಸಲು ರಫ್ತು ಪರವಾನಗಿ ಬೇಕಾಗುತ್ತದೆ. ಆಂಬುಲೆನ್ಸ್, ಜನರನ್ನು ಸ್ಥಳಾಂತರಿಸುವ ಗಾಡಿ ಬೇರೆ ಮಾತು. ಗಾಡಿ ಯಾರ ಹೆಸರಿಗೆ ಹೋಗುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. 2024ರಲ್ಲಿ ಲಂಡನ್ನಿನ ಹೊಗೆ ನಿಯಮಕ್ಕೆ ಹೊಂದದ ಹಳೇ ಗಾಡಿಗಳನ್ನು ಗುಜರಿಗೆ ಹಾಕುವ ಬದಲು ಉಕ್ರೇನಿಗೆ ಕೊಡಲು ಅವಕಾಶ ಮಾಡಿಕೊಟ್ಟಾಗಲೂ, ಅವು ಹೋದದ್ದು ಒಂದು ನೋಂದಾಯಿತ ಚಾರಿಟಿಯ ಕೈ ಮೂಲಕವೇ.

ಬ್ಯಾಂಕಿನವರ ಕಾಟ ಇನ್ನೊಂದು. ಹೊಸ ಚಾರಿಟಿ ಖಾತೆ ತೆರೆಯಲು ತಿಂಗಳುಗಳು ಹಿಡಿಯಬಹುದು. ಸಿರಿಯಾದಂಥ ನಿರ್ಬಂಧ ಕಂಡ ದೇಶಗಳಿಗೆ ಹಣ ಕಳಿಸಬೇಕಾದ ಚಾರಿಟಿಗಳಂತೂ ವರ್ಷಗಟ್ಟಲೆ ಒದ್ದಾಡಿವೆ. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2664ನೇ ನಿರ್ಣಯದಲ್ಲಿ, ಆಸ್ತಿ ಮುಟ್ಟುಗೋಲಿನ ನಿರ್ಬಂಧಗಳಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಟ್ಟಿತು. ಕಾಗದದ ಮೇಲೆ ಸರಿ. ಬ್ಯಾಂಕಿನ ಕೌಂಟರ್‌ನಲ್ಲಿ ಕುಳಿತವರಿಗೆ ಹೆದರಿಕೆ ಹೋಗಿಲ್ಲ.

ಬೆಂಗಳೂರಿನಿಂದ ಕಳಿಸಬಹುದೇ?

ನೇಪಾಳದಲ್ಲಿ ಭೂಕಂಪ ಆದಾಗ, ಶ್ರೀಲಂಕಾದಲ್ಲಿ ಔಷಧ ಸಿಗದೆ ಹೋದಾಗ ನಮ್ಮಲ್ಲೂ ಈ ಪ್ರಶ್ನೆ ಎದ್ದಿತ್ತು. ಎಫ್‌ಸಿಆರ್‌ಎ ಅಂತ ಎಲ್ಲರೂ ಹೇಳುತ್ತಾರೆ. ಅದು ಹೊರದೇಶದಿಂದ ದೇಣಿಗೆ ಪಡೆಯುವುದಕ್ಕೆ ಇರುವ ಕಾನೂನು, ಕಳಿಸುವುದಕ್ಕಲ್ಲ. ಕಳಿಸುವವರಿಗೆ ಅಡ್ಡ ಬರುವುದು ಆದಾಯ ತೆರಿಗೆ ಕಾನೂನು. ಇಲ್ಲಿನ ಟ್ರಸ್ಟ್ ಭಾರತದ ಹೊರಗೆ ಖರ್ಚು ಮಾಡಿದ ಹಣಕ್ಕೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇಲ್ಲ. ಅದಕ್ಕೆ ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಬೇಕು. ವ್ಯಕ್ತಿಯೊಬ್ಬರು ಸ್ವಂತ ಹಣವನ್ನು ರಿಸರ್ವ್ ಬ್ಯಾಂಕಿನ ಯೋಜನೆಯಡಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದರಲ್ಲಿ ದೇಣಿಗೆಯೂ ಸೇರುತ್ತದೆ. ಹೊಸ ಟ್ರಸ್ಟ್ ಕಟ್ಟುವುದಕ್ಕಿಂತ, ಆ ದೇಶದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಗೆ ಕೊಡುವುದು ಬಹಳ ಜನಕ್ಕೆ ಸರಿಯಾದ ದಾರಿ.

ಮುಚ್ಚುವುದು

ಇದರ ಬಗ್ಗೆ ಶುರುವಿನಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ಸ್ವಯಂಸೇವಕರಿಗೆ ವಯಸ್ಸಾಗುತ್ತದೆ. ಸುದ್ದಿಯಲ್ಲಿ ಯುದ್ಧ ಹಿಂದಿನ ಪುಟಕ್ಕೆ ಹೋಗುತ್ತದೆ, ಕಾಣಿಕೆ ಡಬ್ಬಿ ಹಗುರಾಗುತ್ತದೆ. ಗೋದಾಮು ಕೊಟ್ಟವರು ಜಾಗ ವಾಪಸು ಕೇಳುತ್ತಾರೆ. ಹೀಗಾದಾಗ ಅರ್ಧ ತುಂಬಿದ ವ್ಯಾನ್ ಎಳೆದುಕೊಂಡು ಹೋಗುವುದಕ್ಕಿಂತ ಸರಿಯಾಗಿ ಮುಚ್ಚುವುದು ಮೇಲು. ಆ ಕಡೆಯ ಸಂಸ್ಥೆಗೆ ಮೊದಲೇ ತಿಳಿಸಬೇಕು, ಏಕೆಂದರೆ ಅವರು ಮುಂದಿನ ಚಳಿಗಾಲದ ಲೆಕ್ಕ ಹಾಕಿಕೊಂಡಿರುತ್ತಾರೆ. ಉಳಿದ ಸರಕನ್ನು ಪಟ್ಟಿ ಸಮೇತ ಇನ್ನೊಂದು ಗುಂಪಿಗೆ ಒಪ್ಪಿಸಬಹುದು. ವ್ಯಾನ್ ಮಾರಬಹುದು. ಸಾಲ, ಬಾಡಿಗೆ ತೀರಿಸಿ ಮಿಕ್ಕ ಹಣ ಟ್ರಸ್ಟಿಗಳಿಗೂ ಬರುವುದಿಲ್ಲ, ಕೊಟ್ಟವರಿಗೂ ವಾಪಸು ಹೋಗುವುದಿಲ್ಲ. ನಿಯಮಾವಳಿಯಲ್ಲಿ ಬರೆದ ಹಾಗೆ ಅದೇ ಉದ್ದೇಶದ ಬೇರೆ ಚಾರಿಟಿಗೆ ಸೇರಬೇಕು. ಕೊನೆಯ ಲೆಕ್ಕ ಸಲ್ಲಿಸಿದ ಮೇಲೆ ಕಮಿಷನ್ ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆ.